ಹಸಿರು ಹೆಂಡತಿ, ನೀಲಿ ಗಂಡ

ನಮ್ಮ ಮನೆಯಲ್ಲಿ ದಾರ ಎಂಬ ವಸ್ತುವೇ ಇಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಿಗಿದ ಬಟ್ಟೆ, ಸೊಳ್ಳೆಪರದೆಯ ಮೂಲೆಗಳು, ಕರಿಬೇವಿನ ಗಿಡಕ್ಕೆ ಆಸರೆ ಕೊಟ್ಟ ಕೋಲು, ನನ್ನ ಕನ್ನಡಕದ ಮುರಿದ ಕಾಲು, ಎಲ್ಲವನ್ನೂ ನಮ್ಮ ಅವ್ವ ಕಟ್ಟುವುದು ಬಣ್ಣದ ಸಣ್ಣ ತಂತಿಯಿಂದ. ಕೇಸರಿ, ಹಸಿರು, ನೀಲಿ, ಕಂದು. ಹೊಸದಾಗಿ ಮನೆಗೆ ಬಂದವರು “ಇದೇನ್ರಿ, ಭರಣಿಗೂ ರಾಖಿ ಕಟ್ಟೀರಿ?” ಎಂದು ನಗುತ್ತಾರೆ. ಅದು ನನ್ನ ಉದ್ಯೋಗದ ಉಳಿಕೆ. ನಾನು ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವವನು. ಕೆಲಸ ಮುಗಿದ ಮೇಲೆ ಗೇಣುದ್ದದ ತುಂಡುಗಳು ಜೇಬಿನಲ್ಲಿ ಉಳಿಯುತ್ತವೆ. ಅಂಗಿ ಒಗೆಯುವ ಮೊದಲು ಅವ್ವ ಜೇಬು ಝಾಡಿಸಿ, ತುಂಡುಗಳ ಕರಿ ಸಿಪ್ಪೆ ಸುಲಿದು, ಒಳಗಿನ ತಂತಿಗಳನ್ನು ಬೇರೆ ಮಾಡಿ ಒಂದು ಡಬ್ಬಿಯಲ್ಲಿ ಕೂಡಿಡುತ್ತಾಳೆ. ಇವತ್ತು ಬೆಳಿಗ್ಗೆ ಅವಳು ಹಪ್ಪಳದ ಚೀಲದ ಬಾಯಿಗೆ ಹಸಿರು ತಂತಿ ಸುತ್ತುತ್ತಿದ್ದಳು. ಅದನ್ನೇ ನೋಡುತ್ತ ಕೂತ ನನಗೆ ಚಹಾ ಆರಿದ್ದು ತಿಳಿಯಲಿಲ್ಲ.

ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವ ಮಂದಿ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಹಳೆಯ ಮನೆಯಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಹತ್ತಿಯದು. ಅಪ್ಪನ ಬಿಲ್ಲು ಗೋಡೆಗೆ ತೂಗಿರುತ್ತಿತ್ತು, ನನಗಿಂತ ಎತ್ತರ. ಅದರ ತಂತಿಗೆ ಮರದ ಗುಂಡಿನಿಂದ ಬಡಿದರೆ ‘ಟಂವ್’ ಎಂದು ಎದ್ದ ಸದ್ದು ಹತ್ತಿಯೊಳಗೆ ಹೋಗಿ ಮೆತ್ತಗಾಗಿ ಹೊರಗೆ ಬರುತ್ತಿತ್ತು. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದಾಗ ಕೋಣೆಯ ತುಂಬ ಹತ್ತಿಯ ಎಳೆಗಳು ತೇಲುತ್ತಿದ್ದವು, ಮೇಲೆ ಹೋಗುತ್ತಿವೆಯೋ ಕೆಳಗೆ ಬರುತ್ತಿವೆಯೋ ತಿಳಿಯದಂತೆ. ಅವುಗಳ ಕೆಳಗೆ ಅಂಗಾತ ಮಲಗಿ ನಾನು ಶಾಲೆ ತಪ್ಪಿಸುತ್ತಿದ್ದೆ. ಓಣಿಯಲ್ಲಿ ಯಾರ ಮದುವೆಯ ಗಾದಿಯೇ ಇರಲಿ, ಮದುಮಕ್ಕಳಿಗಿಂತ ಮೊದಲು ಅದರ ಮೇಲೆ ನಿದ್ದೆ ಹೊಡೆದವನು ನಾನೇ. ಅಪ್ಪ ಬೈಯುತ್ತಿರಲಿಲ್ಲ. “ಮಲಗ್ಲಿ ಬಿಡ, ಗಂಟ ಇದ್ರ ಅವನ ಬೆನ್ನಿಗೆ ಗೊತ್ತಾಕ್ಕೈತಿ” ಅನ್ನುತ್ತಿದ್ದ. ಹೀಗೆ ಮಲಗುವುದೂ ಒಂದು ಕಸುಬು ಎಂದು ನಂಬಿಕೊಂಡೇ ಬೆಳೆದೆ. ಆ ನಂಬಿಕೆ ಬಿಡಿಸಲು ಹೆಂಡತಿ ಇಂದಿಗೂ ಹೆಣಗುತ್ತಿದ್ದಾಳೆ.

ಫೋಮಿನ ಗಾದಿ ಬಂದವು. ಬಿಲ್ಲು ಗೋಡೆಯ ಮೇಲೆಯೇ ಉಳಿಯಿತು, ಕೆಲವು ವರ್ಷಕ್ಕೆ ಅಪ್ಪ ಉಳಿಯಲಿಲ್ಲ. ನಾನು ಮೊದಲು ಟಿವಿಯ ಕೇಬಲ್ ಎಳೆದೆ, ಆಮೇಲೆ ಇಂಟರ್ನೆಟ್ಟಿಗೆ ಬಂದೆ. ನಮ್ಮವರು ಕೆಲವರು, “ಬಿಲ್ಲ ಬಿಟ್ಟು ವಾಯರ್ ಹಿಡಿದಿ” ಎಂದು ಛೇಡಿಸಿದರು. ನನಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅಪ್ಪ ಪೇಟೆಯಲ್ಲಿ ಹತ್ತಿ ಕೊಳ್ಳುವಾಗ ಒಂದು ಹಿಡಿ ಹರಿದು, ಬೆಳಕಿಗೆ ಹಿಡಿದು, ಎಳೆ ಎಷ್ಟುದ್ದ ಇದೆ, ಗಿರಣಿಯ ಕಸ ಎಷ್ಟು ಬೆರೆತಿದೆ ಎಂದು ನೋಡುತ್ತಿದ್ದ. ನಾನೂ ಅಷ್ಟೇ. ದುರ್ಗದಬೈಲಿನ ಹತ್ತಿರದ ಓಣಿಯೊಂದರ ಅಂಗಡಿಗೆ ಹೋದರೆ ಅಂಗಡಿಯವರು ಕೇಬಲ್ಲಿನ ಡಬ್ಬ ಮುಂದೆ ತಳ್ಳಿ, “ಕಣ್ಣ ಮುಚ್ಚಿ ಒಯ್ರಿ ಸಾಹೇಬ್ರ, ಅಪ್ಪಟ ತಾಂಬ್ರ” ಅನ್ನುತ್ತಾರೆ. “ಕಣ್ಣ ತೆರದ ಒಯ್ತೇನ್ರಿ, ಒಂದೀಟ ಕತ್ತರಸ್ರಿ” ಅನ್ನುತ್ತೇನೆ ನಾನು. ತುಂಡಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಎಷ್ಟು ಕೆರೆದರೂ ಕೆಂಪಗೇ ಇದ್ದರೆ ತಾಮ್ರ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ಮೇಲಷ್ಟೇ ತಾಮ್ರದ ನೀರು ಕುಡಿದ ಅಲ್ಯುಮಿನಿಯಂ. ಅದು ಹತ್ತಿರದ ಕೋಣೆಗೆ ಹೇಗೋ ನಡೆದುಹೋಗುತ್ತದೆ, ದೂರಕ್ಕೆ ಹೋಗುವಾಗ ದಾರಿಯಲ್ಲೇ ಸೋತು ಕೂರುತ್ತದೆ, ಸ್ವಲ್ಪ ಮಣಿಸಿದರೆ ಮುರಿಯುತ್ತದೆ. ಕೆರೆದು ನೋಡಿದ ಮೇಲೆ ಅಂಗಡಿಯವರು ಒಳಗಿನಿಂದ ಬೇರೆ ಡಬ್ಬ ತರುತ್ತಾರೆ.

ತಂದ ಮೇಲೆ ಅದನ್ನು ಎಳೆಯುವುದಕ್ಕೂ ಒಂದು ರೀತಿ ಇದೆ. ಎತ್ತಿನ ಹಗ್ಗದಂತೆ ಜಗ್ಗಬಾರದು. ಗೋಡೆಯ ಮೂಲೆಯಲ್ಲಿ ಚೂಪಾಗಿ ಮಣಿಸಬಾರದು, ದುಂಡಗೆ ತಿರುಗಿಸಬೇಕು. ಕರೆಂಟಿನ ತಂತಿಯ ಮಗ್ಗುಲಲ್ಲಿ ಮಲಗಿಸಬಾರದು. ಕಿಟಕಿಯೊಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋಲು ಬಿಟ್ಟು ಮೇಲೆ ತರಬೇಕು, ಮಳೆಯ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟಾದರೂ ಅಳಿಲು ಬಂದು ಕಡಿದರೆ, ಮಂಗಗಳು ಬಂದು ಜೋಕಾಲಿ ಆಡಿದರೆ, ಅದು ನಮ್ಮ ಹಣೆಬರಹ. ಈ ಕೆಲಸದಲ್ಲಿ ನನಗೆ ಇಷ್ಟವಾದದ್ದು ತಾರಸಿ. ಊರು ಮೇಲಿನಿಂದ ಬೇರೆಯದೇ ಊರು. ಕೆಳಗೆ ಜಗಳಾಡುವ ಎರಡು ಮನೆಗಳ ಸಂಡಿಗೆ ಮೇಲೆ ಒಂದೇ ಚಾಪೆಯಲ್ಲಿ ಒಣಗುತ್ತಿರುತ್ತದೆ. ಯಾರದೋ ಹಸಿ ಸೀರೆ ಗಾಳಿಗೆ ಉಬ್ಬಿ, ಸ್ವಲ್ಪ ಹೊತ್ತು ಯಾರೋ ಅದನ್ನು ಉಟ್ಟು ನಿಂತಂತೆ ಕಂಡು, ಮತ್ತೆ ಬರೀ ಸೀರೆಯಾಗುತ್ತದೆ. ನಾನು ಕೇಬಲ್ ಹಿಡಿದು ನಿಂತೇಬಿಡುತ್ತೇನೆ. ಕೆಳಗಿನಿಂದ ಮನೆಯವರು “ಏನ್ರಿ, ಸಿಗ್ನಲ್ ಬಂತೇನ್ರಿ?” ಎಂದು ಕೂಗಿದಾಗಲೇ ನಾನು ಯಾಕೆ ಮೇಲೆ ಬಂದಿದ್ದೆ ಎಂಬುದು ನೆನಪಾಗುವುದು.

ಕೇಬಲ್ಲಿನ ಒಳಗೆ ಏನಿದೆ ಎಂದು ನೀವು ಸುಲಿದು ನೋಡಿರಲಿಕ್ಕಿಲ್ಲ. ನಾಲ್ಕು ಬಣ್ಣದ ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಪೂರ್ತಿ ಬಣ್ಣದ್ದು, ಇನ್ನೊಂದು ಬಿಳಿಯ ಮೇಲೆ ಅದೇ ಬಣ್ಣದ ಗೆರೆಯದು. ಎರಡನ್ನೂ ಒಂದರ ಸುತ್ತ ಒಂದು ಹುರಿ ಹಾಕಿರುತ್ತಾರೆ. ಆ ಹುರಿಯಲ್ಲೇ ಎಲ್ಲ ಇರುವುದು. ಹುರಿ ಇದ್ದಷ್ಟು ದೂರ ಹೊರಗಿನ ಗದ್ದಲ ಅವರಿಬ್ಬರನ್ನು ಕೆಡಿಸುವುದಿಲ್ಲ. ಜೋಡಿ ತಪ್ಪಿದರೆ ಒಬ್ಬರ ಮಾತಿನಲ್ಲಿ ಇನ್ನೊಬ್ಬರ ಮಾತು ಬೆರೆತು ಯಾರ ಮಾತೂ ಮುಟ್ಟುವುದಿಲ್ಲ.

ಅಪ್ಪ ಹೋದ ಮೇಲೆ ಅವ್ವನ ಕೈಗೆ ಕೆಲಸವಿರಲಿಲ್ಲ. ಜೀವನವಿಡೀ ಗಾದಿಗೆ ಟಾಕು ಹಾಕಿದ ಬೆರಳುಗಳು ಸುಮ್ಮನೆ ಕೂತರೆ ಸೆರಗಿನ ಅಂಚನ್ನೇ ಬಿಚ್ಚತೊಡಗುತ್ತವೆ. ಒಂದು ದಿನ ನಾನು ಕೇಬಲ್ಲಿನ ತುದಿಗೆ ಪ್ಲಗ್ಗು ಹಾಕುತ್ತಿರುವುದನ್ನು ನೋಡಿ, “ಇಲ್ಲಿ ಕೊಡಪಾ, ಸೂಜ್ಯಾಗ ದಾರಾ ಪೋಣಿಸಿದಂಗ ಐತಿ, ನಾ ಮಾಡ್ತೇನಿ” ಎಂದಳು. ಎಂಟು ತಂತಿಯನ್ನು ಸಾಲಾಗಿ ಜೋಡಿಸಿ, ಪಾರದರ್ಶಕ ಪ್ಲಗ್ಗಿನೊಳಗೆ ತಳ್ಳಿ, ಇಕ್ಕಳದಿಂದ ಒತ್ತುವ ಕೆಲಸ. ಸಾಲು ಮಾತ್ರ ತಪ್ಪಬಾರದು. ಓದು ಬಾರದ ಅವ್ವನಿಗೆ ಸಾಲು ನೆನಪಿರಲಿ ಎಂದು ನಾನೊಂದು ಉಪಾಯ ಹೂಡಿದೆ. ಪೂರ್ತಿ ಬಣ್ಣದ್ದು ಗಂಡ, ಗೆರೆಯ ಸೀರೆ ಉಟ್ಟದ್ದು ಹೆಂಡತಿ. ಕೇಸರಿ ಹೆಂಡತಿ, ಕೇಸರಿ ಗಂಡ. ಹಸಿರು ಹೆಂಡತಿ, ನೀಲಿ ಗಂಡ. ನೀಲಿ ಹೆಂಡತಿ, ಹಸಿರು ಗಂಡ. ಕೊನೆಗೆ ಕಂದು ಹೆಂಡತಿ, ಕಂದು ಗಂಡ.

ಅವ್ವ ಇಕ್ಕಳ ಕೆಳಗಿಟ್ಟಳು.

“ಹಸರ ಹೆಂಡ್ತಿ ಬಾಜೂಕ ನೀಲಿ ಗಂಡ ಯಾಕ ಕುಂತಾನ?”

“ಅದು ಹಂಗಬೇ ಯವ್ವಾ. ಪದ್ಧತಿ.”

“ಯಾವ ಭಾಡ್ಯಾ ಮಾಡಿದ ಪದ್ಧತಿ? ಬ್ಯಾರೇದವನ ಮಗ್ಗಲ ಹೆಂಡ್ತಿನ್ನ ಕುಂದರಿಸಿ, ಗಂಡನ್ನ ಆ ಕಡೆ ದಬ್ಬೂದು?”

“ಒಳಗ ಹುರಿಯಾಗ ಒಟ್ಟಿಗೇ ಅದಾರಬೇ. ಬಾಗಲದಾಗಷ್ಟ ಬ್ಯಾರೆ.”

ಅವಳಿಗೆ ಸಮಾಧಾನವಾಗಲಿಲ್ಲ. ಆದರೂ ಹೇಳಿದ ಹಾಗೆ ಮಾಡಿದಳು. ಅಂದಿನಿಂದ ಹುಬ್ಬಳ್ಳಿಯ ಎಷ್ಟೋ ಮನೆಗಳ ಪ್ಲಗ್ಗುಗಳಲ್ಲಿ ಹಸಿರು ದಂಪತಿ ನಮ್ಮವ್ವನ ಒಳಗಿನ ಸಿಟ್ಟಿನೊಂದಿಗೇ ದೂರ ದೂರ ಕೂತಿದ್ದಾರೆ.

ಇಷ್ಟು ಹೇಳಿದ್ದು ರೇಷ್ಮಾಳ ಕಥೆಗೆ ಬರಲು. ರೇಷ್ಮಾ ನನ್ನ ಅಕ್ಕನ ಮಗಳು. ಅಕ್ಕನನ್ನು ಧಾರವಾಡದ ಆಚೆಯ ಉಪ್ಪಿನಬೆಟಗೇರಿಗೆ ಕೊಟ್ಟಿದೆ. ರೇಷ್ಮಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿದ್ದುಕೊಂಡು ಹುಬ್ಬಳ್ಳಿಯ ಕಿವುಡ ಮಕ್ಕಳ ಶಾಲೆಗೆ ಹೋಗಿ ಕೈಸನ್ನೆಯ ಭಾಷೆ ಕಲಿತಳು, ಆಮೇಲೆ ಅಕ್ಕನಿಗೂ ಕಲಿಸಿದಳು. ಈಗ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಾಳೆ. ತೋಳು ಬಿಗಿ, ಕುತ್ತಿಗೆ ಅಗಲ ಎಂದು ಅವಳ ಹತ್ತಿರ ತಕರಾರು ಮಾಡಿ ಯಾರೂ ಗೆದ್ದಿಲ್ಲ. ತಕರಾರು ಶುರುವಾದೊಡನೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು.

ಅವಳಿಗೆ ಬೆಳಗಾವಿಯ ಸಂಬಂಧ ಬಂತು. ಹುಡುಗನ ಹೆಸರು ಸಲೀಮ, ಲೇತ್ ಯಂತ್ರದ ಕೆಲಸ. ಅವನಿಗೂ ಕಿವಿ ಕೇಳುವುದಿಲ್ಲ. ಎರಡೂ ಮನೆಯವರು ಒಂದು ಸಲ ಹೋಗಿ ಬಂದೆವು. ಹಿರಿಯರಿಗೆ ಒಪ್ಪಿಗೆಯಾಯಿತು. ಆದರೆ ರೇಷ್ಮಾ, ತಾನು ಅವನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ಮೇಲೆಯೇ ಹ್ಞೂಂ ಅಥವಾ ಊಹೂಂ ಹೇಳುವುದಾಗಿ ಪಟ್ಟು ಹಿಡಿದಳು. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ಇವಳು ಕಲಿತದ್ದು ಕನ್ನಡ, ಅವನು ಕಲಿತದ್ದು ಮರಾಠಿ. ಒಬ್ಬರ ಅಕ್ಷರ ಇನ್ನೊಬ್ಬರಿಗೆ ಬರುವುದಿಲ್ಲ. ಇಬ್ಬರಿಗೂ ಬರುವುದು ಕೈ ಒಂದೇ. ಕೈಯ ಮಾತಿಗೆ ವಿಡಿಯೋ ಬೇಕು. ಅಕ್ಕನ ಮನೆಯೊಳಗೆ ಮೊಬೈಲಿನ ಸಿಗ್ನಲ್ ಬರುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ಮಾತಾಡಿದರೆ ಓಣಿಯೇ ನೆರೆದು ನೋಡುತ್ತದೆ. ನಾವು ಪಿಸುಗುಟ್ಟಬಹುದು, ಅವಳ ಮಾತಿಗೆ ಪಿಸುಮಾತಿಲ್ಲ.

ಅವಳಿಗೆ ಹಿತ್ತಲ ಕೋಣೆಯಲ್ಲಿ ಇಂಟರ್ನೆಟ್ ಬೇಕಾಯಿತು. ಕಂಪನಿಯ ಲೈನು ಮುಂಬಾಗಿಲ ತನಕ ಬರುತ್ತದೆ. ಮನೆಯ ಗೋಡೆ ಮಣ್ಣಿನದು, ಎತ್ತು ಗುದ್ದಿದರೂ ಅಲುಗದಷ್ಟು ದಪ್ಪ, ವೈಫೈ ಪಡಸಾಲೆ ದಾಟುವುದಿಲ್ಲ. ಮುಂದಿನಿಂದ ಮಾಳಿಗೆ ಹತ್ತಿಸಿ ಹಿತ್ತಲಿಗೆ ಇಳಿಸಿ ಉದ್ದನೆಯ ಕೇಬಲ್ ಎಳೆದು, ಅಲ್ಲೊಂದು ಬೇರೆ ವೈಫೈ ಡಬ್ಬಿ ಕೂರಿಸಬೇಕಿತ್ತು. ಆ ಕೇಬಲ್ಲನ್ನು ನಾನು ಮಗಳ ಮದುವೆಗೆ ಬಂಗಾರ ಆರಿಸುವವನ ಹಾಗೆ ಆರಿಸಿದೆ. ಅಪ್ಪಟ ತಾಮ್ರ, ಬಿಸಿಲು ಮಳೆಗೆ ಜಗ್ಗದ ದಪ್ಪ ಕರಿ ಹೊದಿಕೆಯದು. ಅವ್ವನೂ ಹಟ ಹಿಡಿದು ಜೊತೆಗೆ ಬಂದಳು. ನಾನು ಮಾಳಿಗೆಯ ಮೇಲೆ ಕೇಬಲ್ ಹಾಸಿ, ಅದರ ನಡುವೆ ಅಭ್ಯಾಸಬಲದಿಂದ ಮೋಡ ನೋಡುತ್ತ ನಿಂತಾಗ, ಅವ್ವ ಕೆಳಗೆ ಎರಡೂ ತುದಿಗೆ ಪ್ಲಗ್ಗು ಹಾಕಿದಳು. ನಾನು ಟೆಸ್ಟರ್ ಹಚ್ಚಿ ನೋಡಿದೆ. ದೀಪಗಳೆಲ್ಲ ಸಾಲಾಗಿ ಹೊತ್ತಿದವು. ಎಲ್ಲರೂ ಚುರುಮರಿ ಸೂಸಲಾ ತಿಂದು ಚಹಾ ಕುಡಿದೆವು.

ಮೊದಲ ದಿನದಿಂದಲೇ ಚಿತ್ರ ನಿಂತು ನಿಂತು ಬರತೊಡಗಿತು. ನಾವು ಮಾತಾಡುವಾಗ ಚಿತ್ರ ನಿಂತರೆ ದನಿಯಾದರೂ ಬರುತ್ತದೆ. ಅವರಿಗೆ ಚಿತ್ರ ನಿಂತರೆ ಬಾಯಿ ಕಟ್ಟಿದ ಹಾಗೆ. ಅಕ್ಕ ಫೋನು ಮಾಡಿ ಹೇಳಿದಾಗ ನಾನು ಕಂಪನಿಯನ್ನು ಬೈದೆ, ಮೋಡವನ್ನು ಬೈದೆ, ಮಂಗಗಳನ್ನು ಬೈದೆ. ಕೇಬಲ್ಲಿನ ಮೇಲೆ ಸಂಶಯ ಬರಲಿಲ್ಲ. ಬೆಳಕಿನಲ್ಲಿ ಕೆರೆದು ನೋಡಿ ತಂದ ತಾಮ್ರ ಅದು.

ಒಂದು ದಿನ ಅಕ್ಕ ಅಳುತ್ತ ಫೋನು ಮಾಡಿದಳು.

“ತಮ್ಮಾ, ಸಂಬಂಧ ಮುರೀತ ಅನಸ್ತೈತೋ. ಅಂವ ಏನೋ ಕೇಳಿದ್ನಂತ, ಲಗ್ನಾದ ಮ್ಯಾಲೆ ಬೆಳಗಾಂವಿಗೆ ಬರ್ತಿಯಿಲ್ಲೋ ಅಂತ. ಇಕಿ ತಡಿ ಅಂತ ಕೈ ಎತ್ತ್ಯಾಳ. ಅಷ್ಟರಾಗ ಚಿತ್ರಾ ನಿಂತೈತಿ. ಮುಂದ ಹತ್ತಲೇ ಇಲ್ಲ. ಅವತ್ತಿಂದ ಅಂವಾ ಒಂದ ಫೋನ್ ಮಾಡಿಲ್ಲ.”

“ತಡಿ ಅಂದ್ರ ಸಿಟ್ಟ್ಯಾಕ ಬರಬೇಕ ಅಕ್ಕಾ?”

“ಅಂಗೈ ತೋರಸಿ ಹಂಗ ಹಿಡದ್ರ ತಡಿ ಅಂತ. ಅದನ್ನ ಅಲ್ಲಾಡಿಸಿದ್ರ ಬ್ಯಾಡ ಅಂತ. ಚಿತ್ರಾ ನಿಂತ ಮ್ಯಾಲ ಅಂವಗ ಏನ ತಿಳಿಬೇಕ ಹೇಳು?”

ಎರಡೂ ಮಾತಿಗೆ ಒಂದೇ ಅಂಗೈ. ನಿಂತ ಚಿತ್ರದಲ್ಲಿ ಎರಡೂ ಒಂದೇ.

“ನೀವ ಅವರ ಮನೀಗೆ ಫೋನ್ ಮಾಡಿ ಕೇಳ್ರಿ.”

“ಹೆಣ್ಣಿನ ಕಡೆಯವರು ನಾವು, ನಾವಾಗೇ ಹೆಂಗ ಕೇಳೂದೋ? ಇಕಿನೂ ಬಿಗುಮಾನದಾಕಿ. ಬ್ಯಾಡಂದ್ರ ಬಿಡ್ಲಿ ಅಂತ ಮಷೀನಿನ ಮುಂದ ಕುಂತಾಳ. ಹೊಲ್ಯಾಂಗಿಲ್ಲ, ಸುಮ್ಮನ ತುಳೀತಾಳ. ಸೂಜ್ಯಾಗ ದಾರಾನ ಇಲ್ಲ.”

ಆ ರವಿವಾರ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಧಾರವಾಡ ದಾಟಿದ ಮೇಲೆ ಕರಿ ಮಣ್ಣಿನ ಹೊಲಗಳು, ಮೇಲೆ ಅಷ್ಟೇ ದೊಡ್ಡ ಆಕಾಶ. ನನಗೆ ಒಂದೇ ಯೋಚನೆ: ರೇಷ್ಮಾ ತನ್ನ ಭಾಷೆಯವನೊಬ್ಬನನ್ನು ಕಂಡಿದ್ದಳು, ಶಾಲೆ ಬಿಟ್ಟು ಮನೆ ತುಂಬ ಮಾತಾಡುವ ನಮ್ಮ ನಡುವೆ ಬಂದ ಮೇಲೆ ಮೊದಲ ಸಲ. ಅಂಥದ್ದು ಒಂದು ತಂತಿಯಿಂದಾಗಿ ಕೈ ತಪ್ಪಿದರೆ ನಾನು ಯಾವ ಮುಖ ಹೊತ್ತು ಆ ಊರಿಗೆ ಹೋಗಲಿ?

ಮಾಳಿಗೆಯ ಮೇಲೆ ಕೇಬಲ್ ಹಾಸಿದಂತೆಯೇ ಇತ್ತು. ಅಳಿಲು ಕಡಿದಿರಲಿಲ್ಲ, ಮಂಗ ಜಗ್ಗಿರಲಿಲ್ಲ. ಟೆಸ್ಟರಿನ ದೀಪಗಳು ಅಂದಿನಂತೆಯೇ ಸಾಲಾಗಿ ಹೊತ್ತಿದವು. ಏನೂ ತಿಳಿಯದೆ ಪ್ಲಗ್ಗನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗಿನ ಬಣ್ಣಗಳು ಕಂಡವು. ಕೇಸರಿ ಹೆಂಡತಿ, ಕೇಸರಿ ಗಂಡ. ಹಸಿರು ಹೆಂಡತಿ, ಹಸಿರು ಗಂಡ! ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ಆ ಕಡೆಯ ತುದಿಯನ್ನು ಓಡಿಹೋಗಿ ನೋಡಿದರೆ ಅಲ್ಲಿಯೂ ಹಾಗೆಯೇ. ಎರಡೂ ಕಡೆ ಒಂದೇ ತಪ್ಪು ಆದದ್ದರಿಂದ ಟೆಸ್ಟರಿಗೆ ತಪ್ಪೇ ಕಂಡಿರಲಿಲ್ಲ. ತಂತಿ ಮುಟ್ಟಿತೋ ಇಲ್ಲವೋ ಅಷ್ಟನ್ನೇ ಅದು ಕೇಳುತ್ತದೆ. ಆದರೆ ಯಂತ್ರಗಳು ಮಾತಾಡುವುದು ಹಳೆಯ ಸಾಲಿನ ಪ್ರಕಾರ. ಹಸಿರು ಗಂಡ ಇರಬೇಕಾದ ಜಾಗದಲ್ಲಿ ನೀಲಿ ಗಂಡ ಕೂತು, ಹುರಿಯಲ್ಲಿ ಸಂಬಂಧವೇ ಇಲ್ಲದ ಹಸಿರು ಹೆಂಡತಿಯ ಜೊತೆ ಅಷ್ಟುದ್ದ ದಾರಿ ಮಾತು ಹೊತ್ತು ಬರಬೇಕಾಗಿತ್ತು. ಗಿಡ್ಡ ಕೇಬಲ್ಲಾಗಿದ್ದರೆ ನಡೆದುಹೋಗುತ್ತಿತ್ತೋ ಏನೋ.

“ಯವ್ವಾ,” ಅಂದೆ, “ಇದೇನ ಮಾಡೀಬೇ?”

ಅವ್ವ ಪ್ಲಗ್ಗನ್ನು ನೋಡಿದಳು. ಮರೆತು ಮಾಡಿದ ಮುಖ ಅಲ್ಲ ಅದು.

“ಮಂದಿ ಮನೀವೆಲ್ಲಾ ನೀ ಹೇಳಿದಂಗ ಮಾಡೇನಿ. ಒಂದರ ತಪ್ಪೈತೇನು? ಇದು ನಮ್ಮ ಹುಡುಗೀ ಲಗ್ನದ ವಾಯರ್. ಹಸರ ಬಳಿ ಇಟ್ಕೊಳ್ಳಾಕಿ ಅಕಿ. ಲಗ್ನದ ವಾಯರನ್ಯಾಗ ಹಸರ ಗಂಡಹೆಂಡ್ತಿನ್ನ ಬ್ಯಾರೆ ಬ್ಯಾರೆ ಕುಂದರಿಸಿದ್ರ ಛಲೋ ಆಕ್ಕೈತೇನು?”

ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕರೆ ಅವ್ವ ಅಳುತ್ತಾಳೆ ಎಂದು ತಿಳಿದು ಹೊರಗೆ ಹೋಗಿ ನಿಂತೆ. ಜಗತ್ತಿನಲ್ಲಿ ಕೇಬಲ್ ಎಳೆಯುವವರು ಎಷ್ಟು ಜನರಿದ್ದಾರೋ, ಶಕುನ ನೋಡಿ ಪ್ಲಗ್ಗು ಹಾಕಿದವಳು ನಮ್ಮವ್ವ ಒಬ್ಬಳೇ ಇರಬೇಕು. ಒಳಗೆ ಬಂದಾಗ ಅವಳು ತಾನೇ ಇಕ್ಕಳ ಹಿಡಿದು ಕೂತಿದ್ದಳು. “ತಪ್ಪಾತೇನೋ?” ಎಂದು ಕೇಳಿದಳು. ನಾನು ಹಳೆಯ ಪ್ಲಗ್ಗುಗಳನ್ನು ಕತ್ತರಿಸಿ ತುದಿಗಳನ್ನು ಅವಳ ಕೈಗೇ ಕೊಟ್ಟೆ. ಹಸಿರು ಜೋಡಿಯ ಹುರಿಯನ್ನು ತುದಿಯಲ್ಲಿ ಬೇಕಾದಷ್ಟೇ ಬಿಚ್ಚಿ, ಇಬ್ಬರನ್ನೂ ಬೆರಳಿನಿಂದ ಅತ್ತಿತ್ತ ಸರಿಸಿ, ನಡುವೆ ನೀಲಿಯವರನ್ನು ಕೂರಿಸುವಾಗ ಅವ್ವ ಆ ತಂತಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು: “ಈಟ ತಡ್ಕೋರಿ ಯಪ್ಪಾ. ಹಿಂದೆಲ್ಲಾ ಒಟ್ಟಿಗೇ ಅದೀರಲ್ಲ.”

ಸಾಲು ಸರಿಯಾಯಿತು. ಇನ್ನು ಫೋನು ಮಾಡಬೇಕಾದವಳು ರೇಷ್ಮಾ. ಅವಳು ಕೂತಲ್ಲಿಂದ ಏಳಲಿಲ್ಲ. ಅಕ್ಕ ಕೈಯಲ್ಲಿ ಏನೇನೋ ಹೇಳಿದಳು, ಅದಕ್ಕವಳು ಕಣ್ಣು ಮುಚ್ಚಿಕೊಂಡಳು. ಆಗ ಅವ್ವ ಹೋಗಿ ಅವಳ ಮೊಣಕಾಲ ಬಳಿ ಕೂತು, ಕತ್ತರಿಸಿದ ಹಳೆಯ ಪ್ಲಗ್ಗನ್ನು ಅವಳ ಅಂಗೈಯಲ್ಲಿಟ್ಟು, ತನ್ನ ಎದೆ ಮುಟ್ಟಿಕೊಂಡಳು. ತಪ್ಪು ನನ್ನದು ಎಂದು ಹೇಳಲು ಯಾವ ಶಾಲೆಯ ಸನ್ನೆಯೂ ಬೇಕಾಗಲಿಲ್ಲ. ರೇಷ್ಮಾ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಎದ್ದು, ಫೋನನ್ನು ಗೋಡೆಗೆ ಆನಿಸಿಟ್ಟು, ಬಟನ್ ಒತ್ತಿದಳು.

ಸಲೀಮ ಕಾಣಿಸಿಕೊಂಡ. ರಜೆಯ ದಿನದ ಬನಿಯನ್ನು, ಹಣೆಯ ಮೇಲೆ ಒದ್ದೆ ಕೂದಲು. ಚಿತ್ರ ನೀರಿನಂತೆ ಹರಿಯುತ್ತಿತ್ತು. ರೇಷ್ಮಾಳ ಕೈಗಳು ಸಿಟ್ಟಿನಿಂದ ಏನೋ ಕೇಳಿದವು. ನಾನು ಅಕ್ಕನನ್ನು ನೋಡಿದೆ.

“ಯಾಕ ಸುಮ್ಮನಾದಿ ಅಂತ ಕೇಳಾಕತ್ತಾಳ,” ಎಂದು ಅಕ್ಕ ಪಿಸುಗುಟ್ಟಿದಳು.

ಅವನು ಮೆಲ್ಲಗೆ ಅಂಗೈ ಎತ್ತಿ ಹಿಡಿದ. ಅಲ್ಲಾಡಿಸಲಿಲ್ಲ. ಆಮೇಲೆ ಬೆರಳು ಅವಳ ಕಡೆ ತೋರಿಸಿ, ತನ್ನ ಕಡೆ ತೋರಿಸಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡ.

ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. “ತಡಿ ಅಂದೆಲ್ಲ, ಅದಕ್ಕ ತಡದೇನಿ ಅನ್ನಾಕತ್ತಾನೋ.”

ಅವನು ಬೇಡ ಎಂದು ಓದಿಕೊಂಡನೆಂದು ನಾವೆಲ್ಲ ಹೆದರಿದ್ದ ಅಂಗೈಯನ್ನು ಅವನು ಸರಿಯಾಗಿಯೇ ಓದಿದ್ದ. ಇಷ್ಟು ದಿನ ಅವಳ ಉಳಿದ ಮಾತಿಗಾಗಿ ಸುಮ್ಮನೆ ಕಾದಿದ್ದ. ರೇಷ್ಮಾ ಬಹಳ ಹೊತ್ತು ಹಾಗೇ ನಿಂತಳು. ಚಿತ್ರ ಮತ್ತೆ ನಿಂತಿತೋ ಎಂದು ನಾನು ಹೆದರಿ ಫೋನಿನ ಕಡೆ ಬಾಗಿದೆ, ಅಲ್ಲಿ ಅವನು ರೆಪ್ಪೆ ಬಡಿಯುತ್ತಿದ್ದ. ಕಡೆಗೆ ಅವಳು ಅಂದು ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದಳು. ಬಟ್ಟೆ ತಳ್ಳುವಂತೆ ಎರಡೂ ಕೈ ಮುಂದೆ ಸರಿಸಿ, ಕಾಲಿನಿಂದ ನೆಲ ತುಳಿದು, ಹುಬ್ಬೇರಿಸಿದಳು. ಇದಕ್ಕೆ ಅಕ್ಕ ಅರ್ಥ ಹೇಳಬೇಕಾಗಲಿಲ್ಲ. ಬರುತ್ತೇನೆ, ನನ್ನ ಮಷೀನು ಎಲ್ಲಿಡಲಿ?

ಸಲೀಮ ತನ್ನ ಕೋಣೆಯನ್ನು ಸುತ್ತ ನೋಡಿದ. ಫೋನನ್ನು ಎಲ್ಲೋ ಎತ್ತರದಲ್ಲಿಟ್ಟ. ಓರೆಯಾಗಿ ಒಂದು ಕಿಟಕಿ ಕಂಡಿತು, ಅದರ ಕೆಳಗೆ ಟ್ರಂಕು, ಅಕ್ಕಿಯ ಚೀಲ, ಮುರಿದ ಕುರ್ಚಿ. ಅವನು ಒಂದೊಂದನ್ನೇ ಎಳೆದು ಆಚೆ ಹಾಕತೊಡಗಿದ. ‘ಹುಚ್ಚು ಹಿಡೀತೇನೋ ನಿನಗೆ’ ಎಂದು ಅವನ ತಾಯಿ ಒಳಗಿನಿಂದ ಉರ್ದುವಿನಲ್ಲಿ ಕೂಗಾಡುವುದು ನಮಗೆಲ್ಲ ಕೇಳುತ್ತಿತ್ತು, ಅವನಿಗೆ ಕೇಳುತ್ತಿರಲಿಲ್ಲ. ಜಾಗ ಖಾಲಿಯಾಯಿತು. ಅವನು ಬೆವರು ಒರೆಸಿಕೊಂಡು ಕಿಟಕಿಯ ಕೆಳಗೆ ನಿಂತು, ಇಲ್ಲಿ ಸಾಕೇ ಎಂದು ಎರಡೂ ತೋಳು ಅಗಲಿಸಿ ತೋರಿಸಿದ.

ಹೊಲಿಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಸೂಜಿಯ ಮೇಲೆ ಬೀಳುತ್ತದೆ. ರೇಷ್ಮಾ ತಲೆ ವಾರೆ ಮಾಡಿ ನೋಡಿ, ಇನ್ನೂ ಸ್ವಲ್ಪ ಬಲಕ್ಕೆ ಎಂದು ಕೈ ಮಾಡಿದಳು. ಅವನು ಬಲಕ್ಕೆ ಸರಿದು ನಿಂತ.